ಬಿಸ್ಕತ್ತಿನ ಬಣ್ಣದ ಪ್ಲಗ್ಗು

"ಮಾವನ ಹಸಿರು ಕಾರು ನಮ್ಮ ಮನೆ ಮುಂದೆ ಬಂದು ನಿಲ್ಲದೇ ಹೋದ್ರೆ ಈ ಮೀಸೆ ಬೋಳಿಸ್ಕೋತೀನಿ!" ಎಂದು ದೊಡ್ಡಳಿಯ ಚಹಾದ ಲೋಟವನ್ನು ಮೇಜಿನ ಮೇಲೆ ಕುಟ್ಟಿ ಸಾರಿದ.

ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಹೆಂಡತಿ ತಲೆಯೆತ್ತಿ ಅವನ ಮುಖವನ್ನು ಒಂದು ಸಲ ಆ ಕೆನ್ನೆಯಿಂದ ಈ ಕೆನ್ನೆಯವರೆಗೆ ನೋಡಿದಳು.

"ಎಲ್ಲಿದೆ ರೀ ಮೀಸೆ?"

"ಬೆಳೆಸಿ ಬೋಳಿಸ್ತೀನಿ!"

ಮಾತು ಮೀಸೆಯವರೆಗೆ ಬಂದದ್ದು ಯಾಕೆ ಅನ್ನುವುದನ್ನು ಮೊದಲು ಹೇಳಿಬಿಡಬೇಕು. ಒಬ್ಬರು ಮಾವ ಇದ್ದರು. ಬಸ್ಸುಗಳ ವರ್ಕ್‌ಶಾಪಿನಲ್ಲಿ ಮೇಸ್ತ್ರಿಯಾಗಿದ್ದು, ಜೀವಮಾನವೆಲ್ಲ ಗ್ರೀಸು ಮೆತ್ತಿಕೊಂಡು ನಿವೃತ್ತರಾದವರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು, ಒಂದು ಹಳೇ ಹಸಿರು ಕಾರು. ಕಥೆಯ ರಾಜನಾಗಿದ್ದರೆ ತಲಾ ಅರ್ಧ ರಾಜ್ಯ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಅರ್ಧ ಕಾರು ಕೊಡುವುದು ಹೇಗೆ?

ದೊಡ್ಡಳಿಯನದು ಕನ್ನಡಕದ ಅಂಗಡಿ. ಚಿಕ್ಕಳಿಯನದು ಬೇಕರಿ. ದೊಡ್ಡಳಿಯನ ಹೊಟ್ಟೆಯುರಿ ಹೊತ್ತಿಕೊಂಡದ್ದೇ ಇಲ್ಲಿಂದ. ಕನ್ನಡಕ ಕೊಂಡವನು ಆಮೇಲೆ ವರ್ಷಗಟ್ಟಲೆ ಅಂಗಡಿ ಕಡೆ ತಲೆ ಹಾಕುವುದಿಲ್ಲ. ಬಂದರೂ ಜಗಳಕ್ಕೇ ಬರುತ್ತಾನೆ. ಬನ್ನು ತಿಂದವನು ಸಂಜೆಗೇ ಮತ್ತೆ ಬರುತ್ತಾನೆ, ಅದೂ ನಗುನಗುತ್ತಾ! ದೊಡ್ಡಳಿಯ ತನ್ನ ಅಂಗಡಿಯ ಗಾಜಿನ ಹಿಂದೆ ನಿಂತು, ಎದುರು ರಸ್ತೆಯಲ್ಲಿ ಷಡ್ಡಕನ ಬೇಕರಿಯ ಪೊಟ್ಟಣ ಹಿಡಿದು ಹೋಗುವವರನ್ನು ನೋಡುತ್ತಿದ್ದ. ಅವನ ಅಂಗಡಿಯಲ್ಲಿ ಎಲ್ಲ ನಂಬರಿನ ಕನ್ನಡಕವೂ ಇತ್ತು. ಆ ಪೊಟ್ಟಣಗಳು ಕಾಣದಂತೆ ಮಾಡುವ ಕನ್ನಡಕ ಮಾತ್ರ ಇರಲಿಲ್ಲ.

ಮಾವನವರ ಸಹವಾಸದಲ್ಲಿ ಇಬ್ಬರಿಗೂ ಹಳೇ ಕಾರಿನ ಹುಚ್ಚು ಹತ್ತಿತ್ತು. ಇಬ್ಬರೂ ಒಂದೊಂದು ಕೊಂಡಿದ್ದರು. ಒಂದೇ ಕಂಪನಿ, ಒಂದೇ ಮಾಡೆಲ್ಲು, ನಾಲ್ಕು ಸಿಲಿಂಡರಿನ ಒಂದೇ ಎಂಜಿನ್ನು. ದೊಡ್ಡಳಿಯನದು ಬೂದು ಬಣ್ಣ, ಚಿಕ್ಕಳಿಯನದು ಕೆನೆ ಬಣ್ಣ. ಕೆನೆ ಬಣ್ಣದ್ದು ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತಿತ್ತು, ಬೂದು ಬಣ್ಣದ್ದು ಎರಡನೇ ಸಲಕ್ಕೆ. ಲೋಕಕ್ಕೆ ಇದೊಂದು ವ್ಯತ್ಯಾಸವೇ ಅಲ್ಲ. ಆದರೆ ಷಡ್ಡಕರ ನಡುವೆ ಮೊದಲ ಸಲಕ್ಕೂ ಎರಡನೇ ಸಲಕ್ಕೂ ಮಧ್ಯೆ ಒಂದು ಸಮುದ್ರವೇ ಹಿಡಿಸುತ್ತದೆ.

ಸಾಲದ್ದಕ್ಕೆ ಹೆಂಡತಿ ಬೇರೆ. "ತಂಗಿ ಗಂಡನ ಕಾರು ಹೊರಟಿದ್ದೇ ಗೊತ್ತಾಗಲ್ಲ ರೀ. ಬೆಕ್ಕು ಹೋದ ಹಾಗೆ ಹೋಗುತ್ತೆ."

"ನಮ್ಮದು?"

"ನಮ್ಮದೂ ಪ್ರಾಣಿ ಥರಾನೇ. ಯಾವ ಪ್ರಾಣಿ ಅಂತ ಮಾತ್ರ ಗೊತ್ತಾಗ್ತಿಲ್ಲ."

ಹೀಗಿರುವಾಗ ಹಿಂದಿನ ಭಾನುವಾರ ಊಟವಾದ ಮೇಲೆ ಮಾವನವರು ಕೈ ಒರೆಸಿಕೊಂಡು ಇಬ್ಬರನ್ನೂ ಕರೆದು ಕೂರಿಸಿ, "ನೋಡಿ ಅಳಿಯಂದಿರೇ, ನನಗೆ ಕಣ್ಣು ಮಂಜಾಗಿದೆ. ಸ್ಟೀರಿಂಗ್ ಮುಂದೆ ಕೂತ್ರೆ ರಸ್ತೆ ಯಾವುದು ಚರಂಡಿ ಯಾವುದು ಗೊತ್ತಾಗಲ್ಲ. ಹಸಿರು ಕಾರನ್ನ ನಿಮ್ಮಿಬ್ಬರಲ್ಲಿ ಒಬ್ರಿಗೆ ಕೊಟ್ಬಿಡ್ತೀನಿ. ಯಾರಿಗೆ ಎಂಜಿನ್ ಅರ್ಥ ಆಗುತ್ತೋ ಅವ್ರಿಗೆ" ಎಂದರು.

"ಅದು ಹೇಗೆ ಗೊತ್ತಾಗುತ್ತೆ ಮಾವ?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು. ಒಟ್ಟಿಗೆ ಕೇಳಿದ್ದಕ್ಕೂ ದೊಡ್ಡಳಿಯನಿಗೆ ಸಿಟ್ಟು ಬಂತು.

"ಪ್ಲಗ್ ಹೇಳುತ್ತೆ."

ಪ್ಲಗ್ಗು ಅಂದರೆ ಗೋಡೆಗೆ ಚುಚ್ಚುವುದಲ್ಲ. ಎಂಜಿನ್ನಿನ ತಲೆಗೆ ತಿರುಪಿ ಕೂರಿಸಿದ, ಬೆರಳುದ್ದದ, ಬಿಳಿ ಪಿಂಗಾಣಿಯ ಸಾಮಾನು. ಒಳಗೆ ಪೆಟ್ರೋಲಿಗೆ ಕಿಡಿ ಹಾರಿಸುವುದು ಅದರ ಕೆಲಸ. ಬಿಚ್ಚಿ ಅದರ ಮೂತಿ ನೋಡಿದರೆ ಎಂಜಿನ್ನಿನ ಹೊಟ್ಟೆಯ ಸಮಾಚಾರವೆಲ್ಲ ತಿಳಿಯುತ್ತದೆ, ಡಾಕ್ಟರು ನಾಲಿಗೆ ನೋಡಿದ ಹಾಗೆ.

"ಹೊಸಾ ಪ್ಲಗ್ ಆರಿಸಿ ಹಾಕ್ಕೊಳ್ಳಿ. ಒಂದು ತಿಂಗಳು ಓಡಿಸಿ. ಆಮೇಲೆ ಬಂದು ಇಲ್ಲಿ, ನನ್ನೆದುರಿಗೇ ಬಿಚ್ಚಿ. ಆರಿಸಿದ್ದು ಸರಿಯಾಗಿದ್ರೆ ಮೂತಿ ಬಿಸ್ಕತ್ತಿನ ಬಣ್ಣಕ್ಕೆ ಬಂದಿರುತ್ತೆ. ಕಪ್ಪಾದ್ರೂ ತಪ್ಪು, ಬೆಳ್ಳಗಾದ್ರೂ ತಪ್ಪು."

ಬಿಸ್ಕತ್ತಿನ ಬಣ್ಣ! ಆ ಮಾತು ಕೇಳಿದ್ದೇ ಚಿಕ್ಕಳಿಯನ ಮುಖ ಅರಳಿತು, ದೊಡ್ಡಳಿಯನ ಎದೆ ಧಸಕ್ಕೆಂದಿತು. ಬೇಕರಿಯವನ ಎದುರಿಗೆ ಬಿಸ್ಕತ್ತಿನ ಬಣ್ಣ ಅಂದರೆ ಪ್ರಶ್ನೆಪತ್ರಿಕೆಯನ್ನು ಮೊದಲೇ ಅವನ ಜೇಬಿಗೆ ಹಾಕಿದ ಹಾಗಲ್ಲವೇ? 'ಕನ್ನಡಕದ ಫ್ರೇಮಿನ ಬಣ್ಣ' ಅಂದಿದ್ದರೆ ಮಾವನ ಗಂಟೇನು ಹೋಗುತ್ತಿತ್ತು?

ಹೀಗೆ ಹೊತ್ತಿದ ಕಿಚ್ಚು ಮರುದಿನ ಬೆಳಗಿನ ಚಹಾದ ಹೊತ್ತಿಗೆ, ಇಲ್ಲದ ಮೀಸೆಯ ಮೇಲೆ ಆಣೆಯಾಗಿ ಹೊರಬಿತ್ತು.

ಆಣೆ ಮಾಡಿದ ಮೇಲೆ ಮೊದಲ ಕೆಲಸ ಶತ್ರುವಿನ ಬಲಾಬಲ ತಿಳಿಯುವುದು. ದೊಡ್ಡಳಿಯ ನೇರ ಬೇಕರಿಗೆ ಹೋದ. ಚಿಕ್ಕಳಿಯ ಗಲ್ಲಾದ ಹಿಂದೆ ಮೊಣಕೈವರೆಗೆ ಮೈದಾಹಿಟ್ಟು ಮೆತ್ತಿಕೊಂಡು ನಿಂತಿದ್ದ.

"ಬನ್ನಿ ಅಣ್ಣಾ! ಏನು ಅಪರೂಪ! ಏನು ಕೊಡ್ಲಿ?"

"ಹೀಗೇ... ಎರಡು ಬನ್ನು ಕೊಡು. ಪ್ಲಗ್ ಹಾಕಿದ್ಯೇನಯ್ಯಾ?"

"ಹಾಕ್ಬಿಟ್ಟೆ ಅಣ್ಣಾ. ಅಂಗಡಿಯವನು ಆರನೇ ನಂಬರ್ ಕೊಟ್ಟ. ನಮ್ಮ ಎಂಜಿನ್ನಿಗೆ ಅದೇ ಸರಿಯಂತೆ."

"ಆರಾ?" ಎಂದ ದೊಡ್ಡಳಿಯ, ತೂಕದ ಧ್ವನಿಯಲ್ಲಿ. "ಪರವಾಗಿಲ್ಲ. ಪಾಸ್ ಆಗುತ್ತೆ."

ಅಲ್ಲಿಂದ ಹೊರಟವನು ಬಿಡಿಭಾಗದ ಅಂಗಡಿಯ ಮುಂದೆಯೇ ಬ್ರೇಕು ಹಾಕಿದ್ದು. ಕೈಯಲ್ಲಿ ಬನ್ನಿತ್ತು, ತಲೆಯಲ್ಲಿ ಆರು ಅಂಕೆ ಗಿರ್ರನೆ ತಿರುಗುತ್ತಿತ್ತು.

"ಪ್ಲಗ್ ಕೊಡಿ. ನಾಲ್ಕು."

"ಯಾವ ನಂಬರ್ ಸಾರ್? ನಿಮ್ಮ ಗಾಡಿಗೆ ಆರು..."

"ಆರು ಬೇಡ! ಆರು ಅನ್ನೋ ಮಾತೇ ಎತ್ತಬೇಡಿ. ಇರೋದ್ರಲ್ಲಿ ದೊಡ್ಡದು ಯಾವುದು?"

"ಒಂಬತ್ತಿದೆ. ಆದ್ರೆ ಸಾರ್, ಅದು ತಂಪು ಪ್ಲಗ್. ಬಿಸೀನ ಬೇಗ ದಾಟಿಸ್ಬಿಡುತ್ತೆ. ಕಿತ್ಕೊಂಡು ಓಡೋ ರೇಸ್ ಕಾರಿಗೆ ಹಾಕೋದು. ನಿಧಾನಕ್ಕೆ ಓಡಿಸಿದ್ರೆ ಮೂತಿ ಕಾಯೋದೇ ಇಲ್ಲ, ಮಸಿ ಕೂರುತ್ತೆ."

"ನಮ್ಮದೂ ರೇಸೇ ಕಣ್ರೀ!"

"ಎಲ್ಲಿ ಸಾರ್ ರೇಸು?"

"ಮಾವನ ಮನೇಲಿ!"

ಅಂಗಡಿಯವನು ಇನ್ನೇನೂ ಕೇಳದೆ ಒಂಬತ್ತನೇ ನಂಬರಿನ ನಾಲ್ಕು ಡಬ್ಬಿಗಳನ್ನು ಕಟ್ಟಿಕೊಟ್ಟ. ಕನ್ನಡಕದ ನಂಬರು ಜಾಸ್ತಿಯಾದರೆ ಕಣ್ಣು ಕೆಟ್ಟಿದೆ ಅಂತ ಅರ್ಥ ಎಂದು ದಿನಾ ಜನರಿಗೆ ಬುದ್ಧಿ ಹೇಳುವ ಮನುಷ್ಯ, ಪ್ಲಗ್ಗಿನ ನಂಬರು ಜಾಸ್ತಿಯಾದರೆ ಫಸ್ಟ್ ಕ್ಲಾಸು ಎಂದುಕೊಂಡು ಮನೆಗೆ ಬಂದ! ಹೊಟ್ಟೆ ಉರಿಯುವಾಗ ತಲೆಗೆ ಹೊಗೆ ತುಂಬುವುದು ಸಹಜ.

ಪ್ಲಗ್ಗು ಹಾಕಿದ ಮೊದಲ ದಿನ ಕಾರು ಸುಮ್ಮನೆ ಓಡಿತು. ದೊಡ್ಡಳಿಯ ದಾರಿಯಲ್ಲಿ ಸಿಕ್ಕವರಿಗೆಲ್ಲ "ಒಂಬತ್ತು!" ಎಂದು ಹೇಳಿಕೊಂಡು ಬಂದ. ಒಂಬತ್ತು ಏನು ಅಂತ ಯಾರೂ ಕೇಳಲಿಲ್ಲ. ಮನೆಯಲ್ಲಿ ಮಗುವಾಗಿದೆಯೇನೋ, ಇದು ಒಂಬತ್ತನೆಯದೇನೋ ಎಂದು ಒಬ್ಬರು ಕೈಕುಲುಕಿ ಹೋದರು. ಹೆಂಡತಿ ತಂಗಿಗೆ ಫೋನು ಮಾಡಿ, "ನಿಮ್ಮ ಭಾವ ಒಂಬತ್ತು ಹಾಕಿದಾರೆ ಕಣೇ" ಎಂದಳು. ಆ ಕಡೆ ಏನಾಯಿತೋ ಈ ಕಡೆಯವರಿಗೆ ತಿಳಿಯಲಿಲ್ಲ.

ಆಮೇಲೆ ಶುರುವಾಯಿತು ಕೆಮ್ಮು. ದೊಡ್ಡಳಿಯ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಓಡಿಸುವವನು. ಆ ದಾರಿಯಲ್ಲಿ ಸೈಕಲ್ಲುಗಳು ಅವನ ಕಾರನ್ನು ಹಿಂದೆ ಹಾಕುತ್ತವೆ. ರೇಸಿನ ಪ್ಲಗ್ಗಿಗೆ ಈ ನಡಿಗೆ ಎಲ್ಲಿ ಸಾಲಬೇಕು? ಕಾರು ಗೇರು ಬದಲಿಸಿದಾಗ ಒಂದು ಸಲ, ಸಿಗ್ನಲ್ಲಿನಲ್ಲಿ ಮೂರು ಸಲ ಕೆಮ್ಮತೊಡಗಿತು. ಒಂದು ದಿನ ಅಂಗಡಿಯ ಮುಂದೆ ಎಷ್ಟು ಗಟ್ಟಿಯಾಗಿ ಕೆಮ್ಮಿತೆಂದರೆ, ಒಳಗೆ ಅಕ್ಷರದ ಹಲಗೆ ಓದುತ್ತಿದ್ದ ಗಿರಾಕಿ, "ಪಾಪ, ಯಾರಿಗೋ ತುಂಬಾ ಹುಷಾರಿಲ್ಲ" ಎಂದ.

ಪರೀಕ್ಷೆಯ ಹಿಂದಿನ ದಿನ ದೊಡ್ಡಳಿಯ ಒಂದು ಪ್ಲಗ್ಗು ಬಿಚ್ಚಿ ಊಟದ ಮೇಜಿನ ಮೇಲೆ ಇಟ್ಟ. ಬಿಸ್ಕತ್ತೂ ಇಲ್ಲ, ಬನ್ನೂ ಇಲ್ಲ. ಒಲೆಯಲ್ಲಿ ಮರೆತ ಇದ್ದಿಲು!

"ಆರನೇ ನಂಬರೇ ತಂದು ಹಾಕ್ಬಾರ್ದಾ ರೀ?" ಎಂದಳು ಹೆಂಡತಿ. "ಅಂಗಡಿಯವನೂ ಅದನ್ನೇ ಹೇಳಿದ್ದಂತೆ."

"ಆರು? ಅವನ ಆರು? ಒಂಬತ್ತರಿಂದ ಇಳಿದು ಅವನ ಆರಕ್ಕೆ ಬರ್ಲಾ? ನನಗೇನು ಮರ್ಯಾದೆ ಇಲ್ವಾ?"

"ಮರ್ಯಾದೆ ಇದೆ. ಕಾರು ಓಡಲ್ಲ, ಅಷ್ಟೇ."

ಅವಳು ಬಟ್ಟೆ ಒಣಹಾಕಲು ಮಹಡಿಗೆ ಹೋದದ್ದೇ ತಡ, ದೊಡ್ಡಳಿಯನ ತಲೆಯಲ್ಲಿ ಒಂದು ಮಿಂಚು ಹೊಳೆಯಿತು. ಬಿಸ್ಕತ್ತಿಗೆ ಬಣ್ಣ ಬರುವುದು ಹೇಗೆ? ಬೇಯಿಸಿದರೆ! ಷಡ್ಡಕ ಮಾಡುವ ವಿದ್ಯೆಯನ್ನು ತಾನು ಮಾಡಲಾರೆನೇ? ಮಸಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಬ್ರಷ್ಷು ಯಾರದೆಂದು ನೋಡಲು ಆಗ ಪುರುಸೊತ್ತಿರಲಿಲ್ಲ. ಬಾಣಲೆಯನ್ನು ಒಲೆಯ ಮೇಲಿಟ್ಟು, ಪ್ಲಗ್ಗನ್ನು ಅದರಲ್ಲಿ ಮಲಗಿಸಿ, ಸೌಟಿನಿಂದ ಆ ಮಗ್ಗುಲಿಗೊಮ್ಮೆ ಈ ಮಗ್ಗುಲಿಗೊಮ್ಮೆ ತಿರುವಿದ. ಬಣ್ಣ ಬರಲಿಲ್ಲ. ಹೊಗೆ ಬಂತು. ಪಕ್ಕದ ಒಲೆಯ ಹಾಲು ಆ ಹೊಗೆಗೆ ಹೆದರಿದಂತೆ ಉಕ್ಕಿ ಓಡಿಬಂತು. ಹಾಲಿನ ಒಲೆ ಆರಿಸಲು ಹೋಗಿ ಸೌಟು ಬಿತ್ತು, ಸೌಟು ಹಿಡಿಯಲು ಹೋಗಿ ಬಾಣಲೆ ಮುಟ್ಟಿದ, ಬಾಣಲೆ ಮುಟ್ಟಿ ಕೂಗಿದ ಕೂಗಿಗೆ ಹೆಂಡತಿ ಒದ್ದೆ ಬೆಡ್‌ಶೀಟನ್ನು ಹೆಗಲ ಮೇಲೆ ಹಾಕಿಕೊಂಡೇ ಕೆಳಗಿಳಿದು ಬಂದಳು.

"ಏನ್ರೀ ಇದು!"

"ಅಡುಗೆ."

"ಅಡುಗೆಗೆ ಪೆಟ್ರೋಲ್ ವಾಸನೆ ಯಾಕೆ?"

"ಹೊಸ ರುಚಿ."

ಅವಳು ಬಾಣಲೆಯೊಳಗೆ ಇಣುಕಿದಳು. ಬಿದ್ದ ಸೌಟು ಎತ್ತಿಕೊಂಡು ಪ್ಲಗ್ಗನ್ನು ಒಮ್ಮೆ ಮಗುಚಿ ನೋಡಿದಳು. ಗಂಡಸರಿಗೆ ಅತಿ ಭಯಂಕರವಾದ ಹೊತ್ತು ಅದೇ.

"ನಾಳೆ ನಾನೂ ತಂಗೀನೂ ಬಸ್ಸಲ್ಲೇ ಮುಂಚೆ ಹೋಗ್ತೀವಿ," ಎಂದಳು ಕೊನೆಗೆ. "ನಿಮ್ಮ ಕಾರು ನಂಬ್ಕೊಂಡ್ರೆ ಅಪ್ಪನ ಮನೆ ಊಟ ಹೋಗಿ ಉಪವಾಸ ಆಗುತ್ತೆ. ಅಂದ ಹಾಗೆ, ಅದು ನನ್ನ ಬ್ರಷ್ಷು."

ಭಾನುವಾರ ಬೆಳಗ್ಗೆ ಅವಳು ಕನ್ನಡಿಯ ಮುಂದೆ ಸಿಂಗಾರ ಮಾಡಿಕೊಂಡು ಬಸ್ಸಿಗೆ ಹೊರಟುಹೋದಳು. ದೊಡ್ಡಳಿಯ ಅದೇ ಕನ್ನಡಿಯ ಮುಂದೆ ನಿಂತು ಸೋತ ತನ್ನ ಮುಖವನ್ನು ನೋಡಿಕೊಂಡ. ನೋಡುತ್ತ ನೋಡುತ್ತ ಕಣ್ಣು ಕೆಳಗಿಳಿಯಿತು. ಕನ್ನಡಿಯ ಕೆಳಗೆ ಒಂದು ದುಂಡನೆಯ ಡಬ್ಬಿ. ಹೆಂಡತಿಯ ಮುಖದ ಪೌಡರು. ಮುಚ್ಚಳ ಅರ್ಧ ತೆರೆದಿತ್ತು.

ಬಣ್ಣದ ವಿಷಯದಲ್ಲಿ ಅವನ ಕಣ್ಣು ಸುಳ್ಳು ಹೇಳುವ ಕಣ್ಣಲ್ಲ. ನೂರು ಬಗೆಯ ಕಂದು ಗಾಜು ಮಾರಿದ ಕಣ್ಣು. ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಆಹಾ! ತುಸು ಹಳದಿ, ತುಸು ಕಂದು, ಆಗ ತಾನೇ ಒಲೆಯಿಂದ ತೆಗೆದಂಥ ಬಣ್ಣ! ಮನೆಯೊಳಗೇ ನಿಧಿ ಇಟ್ಟುಕೊಂಡು ಅಡುಗೆಮನೆಗೆ ಬೆಂಕಿ ಹಚ್ಚಲು ಹೋಗಿದ್ದನಲ್ಲ!

ಪ್ಲಗ್ಗಿನ ಮೂತಿಗೆ ಮೊದಲು ಹೆಂಡತಿಯ ಕ್ರೀಮು ಸವರಿದ. ಅದರ ಮೇಲೆ ಪೌಡರು ಒತ್ತಿದ. ಉದುರಿತು. ಮತ್ತೆ ಕ್ರೀಮು, ಮತ್ತೆ ಪೌಡರು. ಊದಿದರೆ ಹಾರಿತು, ಸೀನಿದರೆ ಕನ್ನಡಿಗೆಲ್ಲ ಮೆತ್ತಿತು. ಮದುಮಗಳಿಗೂ ಯಾರೂ ಅಷ್ಟು ಅಕ್ಕರೆಯಿಂದ ಸಿಂಗಾರ ಮಾಡಿರಲಾರರು. ಒಂದು ಪ್ಲಗ್ಗು ಮನಸ್ಸಿಗೆ ಬಂದಂತೆ ತಯಾರಾಗುವ ಹೊತ್ತಿಗೆ ಡಬ್ಬಿಯ ತಳದ ತಗಡು ಅವನ ಮುಖ ನೋಡುತ್ತಿತ್ತು. ಹೋಗಲಿ, ಒಂದು ಸಾಕು. ಮಾವನಿಗೆ ತೋರಿಸುವುದೂ ಒಂದನ್ನೇ. ಕೊಳೆಯಾಗದಂತೆ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿದ.

ಆದರೆ ಸಿಂಗರಿಸಿದ ಪ್ಲಗ್ಗಿನಿಂದ ಕಾರು ಓಡಿಸುವ ಹಾಗಿಲ್ಲ. ಹಾಗಾಗಿ ಅದರ ಜಾಗಕ್ಕೆ ಮೊದಲಿನ ಹಳೇ ಪ್ಲಗ್ಗೊಂದನ್ನು ತಿರುಪಿ, ಉಳಿದ ಮಸಿ ಪ್ಲಗ್ಗುಗಳಲ್ಲೇ ಕೆಮ್ಮಿಸಿಕೊಂಡು ಮಾವನ ಮನೆಯ ಹಿಂದಿನ ಓಣಿಯವರೆಗೆ ಬಂದ. ಅಲ್ಲಿಂದ ಮಾವನ ಅಂಗಳಕ್ಕೆ ಇಳಿಜಾರು. ಬಾನೆಟ್ ಎತ್ತಿ, ಸುಡುವ ಆ ಹಳೇ ಪ್ಲಗ್ಗನ್ನು ಬೆರಳು ಊದಿಕೊಳ್ಳುತ್ತಾ ಬಿಚ್ಚಿ, ಚೆಲುವೆಯನ್ನು ಅದರ ಜಾಗದಲ್ಲಿ ಕೂರಿಸಿದ. ಇನ್ನು ಸದ್ದಿಲ್ಲದೆ ತಳ್ಳಿಕೊಂಡು ಇಳಿಸಿದರೆ ಮುಗಿಯಿತು!

ಅಷ್ಟರಲ್ಲಿ ಓಣಿಯ ತಿರುವಿನಿಂದ ಧುಗ್ ಧುಗ್ ಧುಗ್ ಎಂಬ ಸದ್ದು. ಬಗ್ಗಿ ನೋಡುತ್ತಾನೆ, ಕೆನೆ ಬಣ್ಣದ ಕಾರು! ಪಕ್ಕದಲ್ಲಿ ಚಿಕ್ಕಳಿಯ ನಿಂತಿದ್ದಾನೆ. ಕಾರಿನ ಕೀ ಅವನ ಕೈಯಲ್ಲಿದೆ. ಆದರೂ ಕಾರು ಓಡುತ್ತಲೇ ಇದೆ!

"ಏನಯ್ಯಾ ಇದು? ಕೀ ತೆಗೆದ್ರೂ ನಿಲ್ತಾ ಇಲ್ಲ?"

ಚಿಕ್ಕಳಿಯ ಬೆಚ್ಚಿಬಿದ್ದ. "ಅದಾ ಅಣ್ಣಾ... ಎಂಜಿನ್ ತುಂಬಾ ಖುಷಿಯಾಗಿದೆ. ಅದಕ್ಕೆ."

ಖುಷಿಯಾದ ಎಂಜಿನ್ನು ಇನ್ನೂ ನಾಲ್ಕು ಸಲ ಧುಗ್ಗೆಂದು, ಒಂದು ಸಲ ಒದ್ದಾಡಿ ನಿಂತಿತು.

"ನೀವ್ಯಾಕೆ ಅಣ್ಣಾ ಬಾನೆಟ್ ಎತ್ತಿದೀರಿ?"

"ಗಾಳಿ ಆಡ್ಲಿ ಅಂತ. ನೀನೂ ಎತ್ತಿದ್ದೀಯಲ್ಲ?"

"ನಮ್ಮದಕ್ಕೂ ಗಾಳಿ ಬೇಕಲ್ಲ ಅಣ್ಣಾ."

ಚಿಕ್ಕಳಿಯ ಬಾನೆಟ್ಟಿನೊಳಗೆ ತಲೆ ತೂರಿಸಿ ಸುಮಾರು ಹೊತ್ತು ಗಾಳಿ ಆಡಿಸಿದ; ತಲೆ ಎತ್ತಿದಾಗ ಅವನ ಬೆರಳಿಗೆಲ್ಲ ಪುಡಿ ಮೆತ್ತಿತ್ತು. ಬೇಕರಿಯವನ ಕೈಯಲ್ಲಿ ಪುಡಿ ಇರದೆ ಇನ್ನೇನಿರುತ್ತದೆ ಎಂದುಕೊಂಡು ದೊಡ್ಡಳಿಯ ಅತ್ತ ಲಕ್ಷ್ಯ ಕೊಡಲಿಲ್ಲ. ಅವನ ಮನಸ್ಸೆಲ್ಲ ಒಂದೇ ಸಂಭ್ರಮದಲ್ಲಿತ್ತು: ಷಡ್ಡಕನ ಕಾರು ಕೆಟ್ಟಿದೆ! ಷಡ್ಡಕನ ಕಾರು ಕೆಟ್ಟಿದೆ! ಇಬ್ಬರೂ ಹಲ್ಲು ಕಿರಿಯುತ್ತಾ, ಒಬ್ಬರನ್ನೊಬ್ಬರು ಮುಂದೆ ಹೋಗಲು ಬಿಡದೆ, ಎರಡು ಕಾರುಗಳನ್ನೂ ತಳ್ಳಿಕೊಂಡು ಮಾವನ ಅಂಗಳಕ್ಕೆ ಇಳಿದರು.

ಮಾವನವರು ಕುರ್ಚಿ ಹಾಕಿಕೊಂಡು ಕಾದಿದ್ದರು. ಪಕ್ಕದಲ್ಲಿ ಹಸಿರು ಕಾರು ಒರೆಸಿಕೊಂಡು ಮಿರಿಮಿರಿ ಮಿಂಚುತ್ತಿತ್ತು. ಹೆಣ್ಣುಮಕ್ಕಳಿಬ್ಬರೂ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಯಾಕೆ ಅಳಿಯಂದಿರೇ, ತಳ್ಕೊಂಡು ಬಂದ್ರಿ?"

"ಪೆಟ್ರೋಲ್ ಉಳೀಲಿ ಅಂತ ಮಾವ," ಎಂದ ದೊಡ್ಡಳಿಯ.

"ವ್ಯಾಯಾಮ ಆಗ್ಲಿ ಅಂತ ಮಾವ," ಎಂದ ಚಿಕ್ಕಳಿಯ.

"ಒಳ್ಳೇದು. ದೊಡ್ಡವರು ಮೊದಲು ಬಿಚ್ಚಲಿ."

ದೊಡ್ಡಳಿಯ ಪಾನಾ ಹಾಕಿ, ಸರಿಯಾದ ಪ್ಲಗ್ಗನ್ನೇ ಬಿಚ್ಚಿ ಮಾವನ ಅಂಗೈಯ ಮೇಲಿಟ್ಟ. ಬಿಸಿಲಿನಲ್ಲಿ ಅದು ಬಿಸ್ಕತ್ತಿನ ಪೊಟ್ಟಣದ ಮೇಲಿನ ಚಿತ್ರಕ್ಕಿಂತ ಚೆನ್ನಾಗಿ ಕಂಡಿತು. ಚಿಕ್ಕಳಿಯನ ಮುಖ ಸಣ್ಣಗಾದದ್ದನ್ನು ನೋಡಿ ದೊಡ್ಡಳಿಯನಿಗೆ ಒಂದು ತಿಂಗಳ ಹೊಟ್ಟೆಯುರಿಗೆ ತಣ್ಣೀರು ಎರಚಿದಂತಾಯಿತು.

ಮಾವನವರು ಕನ್ನಡಕ ಹಾಕಿಕೊಂಡರು. ನೋಡಿದರು. ಕನ್ನಡಕ ತೆಗೆದರು.

"ನೀವು ಮಾಡಿಕೊಟ್ಟ ಕನ್ನಡಕದಲ್ಲಿ ನನಗೆ ಏನೂ ಕಾಣಲ್ಲ ಅಳಿಯಂದಿರೇ. ಮೂಗು ಮಾತ್ರ ಇನ್ನೂ ನನ್ನದೇ."

ಪ್ಲಗ್ಗನ್ನು ಮೂಗಿನ ಹತ್ತಿರ ಹಿಡಿದು ಒಮ್ಮೆ ಉಸಿರು ಎಳೆದರು. ಇನ್ನೊಮ್ಮೆ ಎಳೆದರು. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಎಳೆದರು.

"ಐವತ್ತು ವರ್ಷ ಎಂಜಿನ್ ವಾಸನೆ ನೋಡಿದೀನಿ. ಈ ಎಂಜಿನ್ನಿಗೆ ಮಾತ್ರ ನಮ್ಮ ದೊಡ್ಡ ಮಗಳ ಕೆನ್ನೆ ವಾಸನೆ ಬರ್ತಿದೆ!"

ದೊಡ್ಡಳಿಯನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಆದರೆ ಮಾವನವರು ಅಂಗಳಕ್ಕೆ ಸಿಮೆಂಟು ಹಾಕಿಸಿದ್ದರು. ಹಿಂದಿನಿಂದ "ರೀ! ನನ್ನ ಪೌಡರ್!" ಎಂಬ ಕೂಗು ಬಂತು. ಚಿಕ್ಕಳಿಯ ಬಾಯಿಗೆ ಕೈ ಅಡ್ಡ ಹಿಡಿದು ಕುಲುಕಿ ಕುಲುಕಿ ನಕ್ಕ.

"ನಗು ಆಮೇಲೆ. ಈಗ ನಿಮ್ಮದು ಬಿಚ್ಚಿ," ಎಂದರು ಮಾವ.

ಚಿಕ್ಕಳಿಯನ ನಗು ಅರ್ಧಕ್ಕೇ ನಿಂತಿತು. ಪ್ಲಗ್ಗು ಬಿಚ್ಚುವುದಕ್ಕೆ ಅವನು ತೆಗೆದುಕೊಂಡ ಹೊತ್ತಿನಲ್ಲಿ ಒಂದು ಒಲೆ ಬ್ರೆಡ್ಡು ಬೇಯುತ್ತಿತ್ತು. ಮಾವನವರು ಅದನ್ನೂ ಮೂಗಿಗೆ ಹಿಡಿದರು. ಒಂದೇ ಸಲ ಎಳೆದರು.

"ಇದು ಚಿಕ್ಕ ಮಗಳು."

"ಅಯ್ಯೋ! ನಂದೂನಾ?" ಎಂದು ಬಾಗಿಲಿನಿಂದ ಇನ್ನೊಂದು ಕೂಗು.

ಆಹಾ, ದೊಡ್ಡಳಿಯನಿಗೆ ಹೋದ ಜೀವ ಮರಳಿ ಬಂತು! ತಾನು ಮುಳುಗಿದ್ದು ನಿಜ; ಆದರೆ ಷಡ್ಡಕನೂ ಪಕ್ಕದಲ್ಲೇ ಗುಳುಗುಳು ಮುಳುಗುತ್ತಿದ್ದಾನೆ. ಮುಳುಗುವವನಿಗೆ ಇದಕ್ಕಿಂತ ದೊಡ್ಡ ಸುಖ ಏನಿದೆ?

"ಉಳಿದ ಮೂರು ಮೂರೂ ಬಿಚ್ಚಿ, ನೋಡೋಣ."

ಬಿಚ್ಚಿದರು. ದೊಡ್ಡಳಿಯನ ಮೂರೂ ಇದ್ದಿಲು. ಚಿಕ್ಕಳಿಯನ ಮೂರೂ ಬಿಸ್ಕತ್ತು! ನಾಲ್ಕಕ್ಕೂ ಒಂದೇ ಸಮನಾಗಿ ಪೌಡರು ಬಳಿದು, ಅಂಚು ಒರೆಸಿ, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಇಡುವ ಹಾಗೆ ತಯಾರಿಸಿದ್ದ. ದೊಡ್ಡಳಿಯನ ಹೊಟ್ಟೆಯಲ್ಲಿ ಆರಿದ್ದ ಬೆಂಕಿ ಮತ್ತೆ ಭಗ್ಗೆಂದಿತು. ಮೋಸದಲ್ಲೂ ಇವನು ಮುಂದೆ!

ಮಾವನವರು ಉಗುರಿನಿಂದ ಒಂದರ ಪೌಡರು ಕೆರೆದರು. ಕೆಳಗೆ ಸುಣ್ಣದಂತೆ ಬೆಳ್ಳಗೆ ಸುಟ್ಟ ಮೂತಿ.

"ಎಷ್ಟು ನಂಬರ್ ಇದು?"

"ಹನ್ನೆರಡು ಮಾವ," ಎಂದ ಚಿಕ್ಕಳಿಯ, ನೆಲ ನೋಡುತ್ತಾ. "ಮೊದಲು ಆರೇ ಹಾಕಿದ್ದೆ. ಅಣ್ಣ ಒಂಬತ್ತು ಹಾಕಿದಾರೆ ಅಂತ ಫೋನ್ ಬಂತಲ್ಲ... ನಿದ್ದೇನೇ ಬರಲಿಲ್ಲ. ಬೇರೆ ಕಂಪನಿದು ಹನ್ನೆರಡು ಸಿಕ್ತು."

"ಆಹಾ! ನನ್ನ ಮುತ್ತುಗಳಾ! ದೊಡ್ಡವರ ಕಂಪನೀಲಿ ನಂಬರ್ ಏರಿದಷ್ಟೂ ಪ್ಲಗ್ ತಂಪು. ನಿಮ್ಮ ಕಂಪನೀಲಿ ಲೆಕ್ಕ ಉಲ್ಟಾ, ಏರಿದಷ್ಟೂ ಬಿಸಿ. ಅದಕ್ಕೇ ಅದು ಸ್ಟಾರ್ಟ್ ಆಗಲ್ಲ, ಇದು ನಿಲ್ಲಲ್ಲ. ಇಬ್ರೂ ಎಂಜಿನ್ ಮುಖ ನೋಡ್ಲೇ ಇಲ್ಲ, ಒಬ್ರ ಮುಖ ಒಬ್ರು ನೋಡ್ಕೊಂಡು ಪ್ಲಗ್ ಆರಿಸಿದೀರಿ!"

ದೊಡ್ಡಳಿಯನಿಗೆ ಒಂದು ಕ್ಷಣ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ತನ್ನ ಒಂಬತ್ತಕ್ಕೆ ಇವನಿಗೆ ನಿದ್ದೆ ಬರಲಿಲ್ಲವೇ? ಬನ್ನು ಮಾರುವವನಿಗೆ? ನಗುನಗುತ್ತಾ ಬರುವ ಗಿರಾಕಿಗಳಿರುವವನಿಗೆ? ಒಂದು ತಿಂಗಳಿನಲ್ಲಿ ಇಷ್ಟು ಸಿಹಿಯಾದ ಮಾತು ಅವನು ಕೇಳಿರಲಿಲ್ಲ.

"ಹಾಗಾದ್ರೆ ಕಾರು ಯಾರಿಗೆ ಮಾವ?" ಎಂದ. ನಾಚಿಕೆ ಹೋದರೂ ಆಸೆ ಹೋಗಿರಲಿಲ್ಲ.

ಮಾವನವರು ಎರಡು ಪ್ಲಗ್ಗುಗಳನ್ನೂ ಎರಡು ಅಂಗೈಯಲ್ಲಿಟ್ಟುಕೊಂಡು ಪಂಚಾಯಿತಿಗೆ ಕೂತವರಂತೆ ತೂಗಿದರು. "ಬಿಸ್ಕತ್ತಿನ ಬಣ್ಣ ತಂದವರಿಗೆ ಕಾರು ಅಂತ ನಾನೇ ಹೇಳಿದ್ದು. ಮಾತು ತಪ್ಪೋ ಹಾಗಿಲ್ಲ. ಈ ಬಣ್ಣ ಯಾರದ್ದು? ಪೌಡರ್ ಡಬ್ಬಿ ಯಾರದ್ದೋ ಅವ್ರದ್ದು. ಬಾಮ್ಮಾ ದೊಡ್ಡವಳೇ. ನೀನೂ ಬಾ ಚಿಕ್ಕವಳೇ. ತಗೊಳ್ಳಿ ಕೀ. ಇಬ್ರೂ ಸೇರಿ ಓಡಿಸ್ಕೊಳ್ಳಿ."

ಹೆಣ್ಣುಮಕ್ಕಳು ಒಂದು ಸಲ ಕೇಳಿಸಿಕೊಂಡವರು ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಕೀ ಇಸಿದುಕೊಂಡು, ಒಬ್ಬಳು ಸ್ಟೀರಿಂಗಿಗೆ ಒಬ್ಬಳು ಪಕ್ಕಕ್ಕೆ ಏರಿಯೇಬಿಟ್ಟರು. ಓಡಿಸಲು ಕಲಿತದ್ದೇ ಅಪ್ಪನ ಆ ಕಾರಿನಲ್ಲಿ. ಹಸಿರು ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಗಿ, ಕೇಳಿಸಿಯೂ ಕೇಳಿಸದಂತೆ ಗೇಟು ದಾಟಿತು. "ಪೌಡರ್ ತರೋಕೆ ಹೋಗ್ತಿದೀವಿ!" ಎಂಬ ಮಾತೊಂದು ಮಾತ್ರ ಹಿಂದೆ ಉಳಿಯಿತು.

ಸಂಜೆ ಅಳಿಯಂದಿರು ಮನೆಗೆ ಹೊರಟ ಮೆರವಣಿಗೆಯನ್ನು ಆ ರಸ್ತೆಯವರು ನಿಂತು ನೋಡಿದರು. ಬೂದು ಕಾರು ಎಷ್ಟು ಸಲ ಕೀ ತಿರುಗಿಸಿದರೂ ಸ್ಟಾರ್ಟ್ ಆಗಲಿಲ್ಲ. ನಿಲ್ಲದ ಕೆನೆ ಕಾರಿನ ಹಿಂದೆ ಹಗ್ಗ ಕಟ್ಟಿ ಎಳೆಯಬೇಕಾಯಿತು. ದಾರಿಯುದ್ದಕ್ಕೂ ದೊಡ್ಡಳಿಯ ಷಡ್ಡಕನ ನಂಬರ್ ಪ್ಲೇಟನ್ನೇ ನೋಡಿಕೊಂಡು ಬಂದ. ತಿರುವಿನಲ್ಲೆಲ್ಲ ಚಿಕ್ಕಳಿಯ ಕಿಟಕಿಯಿಂದ ತಲೆ ಹೊರಹಾಕಿ, "ಹುಷಾರಾಗಿದೀರಾ ಅಣ್ಣಾ?" ಎಂದು ಕೇಳುತ್ತಿದ್ದ. ಕೇಳುವ ಧ್ವನಿಯಲ್ಲಿ ಕರುಣೆಯಿತ್ತು. ಅದನ್ನು ತಡೆದುಕೊಳ್ಳುವುದೇ ಕಷ್ಟವಾಯಿತು.

ಮನೆಗೆ ಬಂದಾಗ ಹೆಂಡತಿ ಕನ್ನಡಿಯ ಮುಂದೆ ಕೂತು ಹೊಸ ಡಬ್ಬಿಯ ಮುಚ್ಚಳ ತೆರೆಯುತ್ತಿದ್ದಳು. ಮೊಣಕೈವರೆಗೆ ಮಸಿಯಾಗಿದ್ದ ದೊಡ್ಡಳಿಯ ಬಾಗಿಲಿಗೆ ಆತು ನಿಂತ. ಇಡೀ ದಿನದ ಬಿಂಕ, ಬಿಗು ಎಲ್ಲ ಇಳಿದಿತ್ತು.

"ತಪ್ಪಾಯ್ತು ಕಣೇ. ಇನ್ಮೇಲೆ ಅವನ ಜೊತೆ ಪೈಪೋಟಿ ಮಾಡಲ್ಲ. ನಿನ್ನ ಪೌಡರ್ ಹಾಳು ಮಾಡಿದ್ದಕ್ಕೆ ಬೈದ್ಬಿಡು, ಒಂದೇ ಸಲ."

"ಪೌಡರ್ ಹೋದ್ರೆ ಹೋಗ್ಲಿ ಬಿಡಿ," ಎಂದಳು ಅವಳು, ನಿಜವಾಗಿಯೂ ಕನಿಕರದಿಂದ. ಡಬ್ಬಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆದ್ರೂ ರೀ, ತಂಗಿ ಗಂಡ ನಾಲ್ಕು ಪ್ಲಗ್ಗಿಗೂ ಹಚ್ಚಿ, ಇನ್ನೂ ಅರ್ಧ ಡಬ್ಬಿ ಉಳಿಸಿದ್ನಂತೆ!"